ತಾತನ ಕಿವಿಗೆ ಎಐ ಹಾಕಿದ ಚಿನ್ನದ ಕಡಕು

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಯ ಗೃಹಪ್ರವೇಶ ಆಯಿತು. ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ಧೈರ್ಯದಲ್ಲಿ ಅಪ್ಪ ಹಳೆಯ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದರು. ಬಣ್ಣ ಬಳಿದಾಯಿತು, ಅಡುಗೆಯವರಿಗೆ ಹೇಳಿದ್ದಾಯಿತು, ಚಪ್ಪರದ ಗಳ ಬಂದು ಬಿದ್ದವು. ಇನ್ನು ಮೂರೇ ದಿನ ಇದೆ ಅನ್ನುವಾಗ ಅಪ್ಪ ನಡುಮನೆಯ ಖಾಲಿ ಗೋಡೆ ನೋಡುತ್ತಾ ನಿಂತು, "ನಿಮ್ ತಾತನ ಪಟ ಇಲ್ದೆ ಹೆಂಗ್ಲಾ ಹಾಲುಕ್ಕಿಸೋದು?" ಅಂದರು.

ತಾತ ತೀರಿಕೊಂಡಾಗ ನನಗೆ ಎರಡು ವರ್ಷ. ಅವರ ಮುಖ ನನಗೆ ನೆನಪಿಲ್ಲ. ವೋಟರ್ ಕಾರ್ಡ್ ಇತ್ತಂತೆ, ಹಳೆಯ ಮನೆ ಕೆಡವುವಾಗ ಎಲ್ಲಿ ಹೋಯಿತೋ. ಉಳಿದಿದ್ದು ಒಂದೇ ಫೋಟೋ. ದೊಡ್ಡತ್ತೆಯ ಮದುವೆಯಲ್ಲಿ ಪೇಟೆಯಿಂದ ಬಂದ ಸ್ಟುಡಿಯೋದವರು ತೆಗೆದ ಕಪ್ಪು ಬಿಳುಪಿನ ಗುಂಪು ಫೋಟೋ. ಚಪ್ಪರದ ಮುಂದೆ ಹದಿನಾಲ್ಕು ಜನ. ತಾತ ಹಿಂದಿನ ಸಾಲಿನ ಕೊನೆಗೆ ನಿಂತಿದ್ದಾರೆ. ಮುಖ ತೊಗರಿಕಾಳಿನಷ್ಟು. ಫೋಟೋದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ನಡುವೆ ಮಡಚಿದ ಗೆರೆ ಇತ್ತು.

"ಯೋಚನೆ ಮಾಡಬೇಡಿ, ನಾನು ಮಾಡ್ತೀನಿ" ಅಂದೆ. ನಾನು ಪತ್ರಿಕೋದ್ಯಮ ಓದಿದವನು. ಆದರೆ ಊರಿನಲ್ಲಿ ನನ್ನನ್ನು ಹುಡುಕಿಕೊಂಡು ಬರುವುದು ಸುದ್ದಿ ಹೇಳುವುದಕ್ಕಲ್ಲ. ಗಣೇಶನ ಹಬ್ಬದ ಫ್ಲೆಕ್ಸ್, ಮಗುವಿನ ನಾಮಕರಣದ ಕಾರ್ಡು, ಪಂಚಾಯಿತಿ ಮೆಂಬರ ಹುಟ್ಟುಹಬ್ಬದ ಸ್ಟೇಟಸ್, ಇಂಥವು ಮಾಡಿಸಿಕೊಳ್ಳಲು. ಆ ವರ್ಷ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಫೋಟೋವನ್ನು ಜಪಾನಿನ ಜಿಬ್ಲಿ ಕಾರ್ಟೂನಿನ ಹಾಗೆ ಮಾಡಿಸಿಕೊಳ್ಳುವ ಹುಚ್ಚು ಬಂತಲ್ಲ, ಆಗ ನಮ್ಮೂರಿನ ಅರ್ಧ ಹುಡುಗರಿಗೆ ಮಾಡಿಕೊಟ್ಟವನು ನಾನೇ. ಎಐ ಅಂದರೆ ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಗುಂಪು ಫೋಟೋವನ್ನು ಫೋನಿನಲ್ಲಿ ಹಿಡಿದೆ. ತಾತನ ಮುಖದ ಭಾಗ ಮಾತ್ರ ಕತ್ತರಿಸಿ ಎಐ ಟೂಲ್‌ಗೆ ಹಾಕಿದೆ. "ಇದನ್ನು ಸ್ಪಷ್ಟ ಮಾಡು, ಬಣ್ಣ ತುಂಬು, ಎದೆಯವರೆಗೆ ಕಾಣುವ ದೊಡ್ಡ ಚಿತ್ರ ಮಾಡು" ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ, "ಒಂದು ರೇಷ್ಮೆ ಶಲ್ಯ ಹೊದಿಸೋಕಾಗ್ತದಾ? ನಮ್ಮಪ್ಪ ಒಂದಿನವೂ ರೇಷ್ಮೆ ಹೊದ್ದೋನಲ್ಲ, ಪಟದಲ್ಲಾದ್ರೂ ಹೊದೀಲಿ" ಅಂದರು. ಅದನ್ನೂ ಬರೆದೆ.

ಒಂದು ನಿಮಿಷವೂ ಆಗಲಿಲ್ಲ. ತಾತ ಎದ್ದು ಬಂದರು.

ತುಂಬಿದ ಕೆನ್ನೆ, ಗೋಧಿ ಬಣ್ಣ, ತಿದ್ದಿದ ಮೀಸೆ, ಬೆಳ್ಳಗಿನ ಹಲ್ಲು. ತಲೆಗೆ ಅಚ್ಚುಕಟ್ಟಾದ ಪೇಟ. ಹೆಗಲ ಮೇಲೆ ಜರಿ ಅಂಚಿನ ಶಲ್ಯ. ಎರಡೂ ಕಿವಿಯಲ್ಲಿ ಚಿನ್ನದ ಕಡಕು ಮಿಣಮಿಣ ಅನ್ನುತ್ತಿತ್ತು. ಅಪ್ಪ ತುಂಬಾ ಹೊತ್ತು ನೋಡಿದರು. "ಹಿಂಗೇ ಇದ್ರಾ?" ಎಂದು ಕೇಳಿದೆ. "ಹೂಂ... ಹೆಚ್ಚೂಕಮ್ಮಿ ಹಂಗೇ ಬಿಡು. ಚೆನ್ನಾಗೈತೆ" ಅಂದರು. ಪೇಟೆಗೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತಂದೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಊಟಕ್ಕೆ ಮೊದಲು ಆ ಪಟ ನೋಡಿದರು. "ಯಜಮಾನ್ರು ರಾಜನಂಗವ್ರೆ" ಅಂದರು. ನಾಲ್ಕೈದು ಜನ ತಮ್ಮ ಮನೆಯ ಹಿರಿಯರ ಫೋಟೋ ತಂದು ಕೊಡುತ್ತೇವೆ ಅಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ರಾತ್ರಿ ಎಲ್ಲ ಹೋದ ಮೇಲೆ ಅಜ್ಜಿ ಆ ಪಟದ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಎಂಬತ್ತೈದು ದಾಟಿದ ಜೀವ. ಕಣ್ಣಿನ ಆಪರೇಷನ್ ಆದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ನನ್ನನ್ನು ಕರೆದು ಕೇಳಿದಳು:

"ಮಗ, ಈ ಯಪ್ಪ ಯಾರು?"

"ತಾತ ಕಣಜ್ಜಿ."

"ಕಿವಿಗೆ ಚಿನ್ನ ಹಾಕ್ಕಂಡವ್ನೆ?"

"ಕಂಪ್ಯೂಟರ್ ಮಾಡಿದ್ದು ಅಜ್ಜಿ. ಚೆನ್ನಾಗಿಲ್ವಾ?"

ಅಜ್ಜಿ ಇನ್ನೇನೂ ಹೇಳಲಿಲ್ಲ. ಸೆರಗು ಹೊದ್ದು ಮಲಗಿದಳು. ಹಳೇ ಕಾಲದವಳು, ಹೊಸದು ಒಗ್ಗಲ್ಲ ಅಂದುಕೊಂಡು ನಾನೂ ಮಲಗಿದೆ.

ಜುಲೈ ಬಂತು. ಸೋನೆ ಹಿಡಿಯಿತು.

ನಮ್ಮ ಪಕ್ಕದ ಊರಿನ ಅಂಗನವಾಡಿಯ ತಾರಸಿ ಸೋರುತ್ತಿತ್ತು. ಗಾರೆ ಉದುರಿ ಕಬ್ಬಿಣದ ಸರಳು ಕಾಣುತ್ತಿತ್ತು. ಮಕ್ಕಳು ಒಂದು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದವು, ಇನ್ನೊಂದು ಮೂಲೆಯಲ್ಲಿ ನೀರು ಹಿಡಿಯಲು ಒಂದು ಬಕೀಟು. ಟೀಚರಕ್ಕ ಹೇಳಿ ಹೇಳಿ ಸಾಕಾಗಿ ನನಗೆ ಫೋನ್ ಮಾಡಿದಳು. "ನೀನು ಪೇಪರ್‌ನೋನಲ್ವೇನೋ, ಒಂದು ಸುದ್ದಿ ಮಾಡೋ ತಮ್ಮ."

ಹೋದೆ. ಕರೆಂಟು ಇರಲಿಲ್ಲ. ಮೋಡದ ಕತ್ತಲು. ಫೋಟೋ ತೆಗೆದೆ, ಎಲ್ಲ ಮಸುಕು ಮಸುಕು. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದ ಅಂಗನವಾಡಿಯ ಹೆಸರೂ ಸರಿಯಾಗಿ ಕಾಣುತ್ತಿರಲಿಲ್ಲ. ಮನೆಗೆ ಬಂದು, ತಾತನಿಗೆ ಮಾಡಿದ ಹಾಗೇ ಮಾಡಿದೆ. "ಸ್ಪಷ್ಟ ಮಾಡು, ಬೆಳಕು ಹೆಚ್ಚು ಮಾಡು" ಅಂತ ಒಂದು ಸಾಲು. ಸುಳ್ಳು ಹೇಳುವ ಉದ್ದೇಶ ನನಗೆ ಇರಲಿಲ್ಲ. ಇರುವುದನ್ನೇ ಇನ್ನೂ ಚೆನ್ನಾಗಿ ಕಾಣಿಸಬೇಕು, ಅಷ್ಟೇ. ಬಂದ ಚಿತ್ರ ಬಹಳ ಸ್ಪಷ್ಟವಾಗಿತ್ತು. ಬಿರುಕು ಎದ್ದು ಕಾಣುತ್ತಿತ್ತು, ಸರಳು ಕಾಣುತ್ತಿತ್ತು, ಮಕ್ಕಳ ಮುಖ ಕಾಣುತ್ತಿತ್ತು. ನಾಲ್ಕು ಸಾಲು ಬರೆದು ವಾಟ್ಸಾಪ್ ಸುದ್ದಿ ಗುಂಪುಗಳಿಗೆ ಹಾಕಿದೆ, ಸಂಬಂಧಪಟ್ಟ ಕಚೇರಿಗೂ ಕಳಿಸಿದೆ. ಫೋನಿನಲ್ಲಿ ಜಾಗ ತುಂಬಿತ್ತು, ಮಸುಕಾದ ಮೂಲ ಫೋಟೋಗಳನ್ನು ಅಳಿಸಿ ಹಾಕಿದೆ.

ಎರಡು ದಿನ ಬಿಟ್ಟು ಕಚೇರಿಗೆ ವಿಚಾರಿಸಲು ಹೋದೆ. ಅಲ್ಲಿದ್ದ ಅಧಿಕಾರಿ ಕೂರಿಸಿದರು, ನೀರು ಕೊಡಿಸಿದರು. ಆಮೇಲೆ ತಮ್ಮ ಫೋನು ತೆಗೆದು ನನ್ನ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನನ್ನ ಮುಂದೆ ಹಿಡಿದರು.

"ಇದು ಯಾವ ಭಾಷೆ ಅಂತ ಸ್ವಲ್ಪ ಓದಿ ಹೇಳಿ."

ಬಾಗಿಲ ಮೇಲಿನ ಹೆಸರು. ದೂರದಿಂದ ನೋಡಿದರೆ ಕನ್ನಡವೇ. ದುಂಡು ದುಂಡು ಅಕ್ಷರ, ತಲೆಕಟ್ಟು, ಒತ್ತು, ಎಲ್ಲ ಇದೆ. ಹತ್ತಿರದಿಂದ ನೋಡಿದರೆ ಒಂದಕ್ಷರವೂ ಕನ್ನಡವಲ್ಲ. ತೆಲುಗೂ ಅಲ್ಲ. ಯಾವ ಭಾಷೆಯೂ ಅಲ್ಲ.

"ಬೋರ್ಡೇ ಸುಳ್ಳು. ಬಿರುಕು ನಿಜ ಅಂತ ಹೆಂಗೆ ನಂಬೋದು? ಮೂಲ ಫೋಟೋ ತೋರಿಸಿ" ಅಂದರು. ಮೂಲ ಫೋಟೋ ನನ್ನ ಹತ್ತಿರ ಇರಲಿಲ್ಲ.

ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಯೋಚನೆ ಮಾಡಿದರೆ ಏನೂ ಇಲ್ಲ. ಆದರೆ ಅದರ ಪೆಟ್ಟು ಬಿದ್ದಿದ್ದು ನನಗಲ್ಲ. ಸುಳ್ಳು ಚಿತ್ರ ಹಂಚಿಸಿ ಇಲಾಖೆಯ ಮಾನ ಕಳೆದಳು ಅಂತ ಟೀಚರಕ್ಕನಿಗೆ ಬೈಗುಳ. ನಾನು ಸಂಜೆ ಹೋಗಿ ನಿಂತಾಗ ಅವಳು ಮಕ್ಕಳ ಚಾಪೆ ಸುತ್ತುತ್ತಾ ಒಂದೇ ಮಾತು ಅಂದಳು. "ನಿನ್ನ ಓದು ನಮಗೆ ಮುಳುವಾಯ್ತಲ್ಲೋ." ತಲೆಯ ಮೇಲೆ ತಾರಸಿ ಹಾಗೇ ಸೋರುತ್ತಿತ್ತು.

ಅಲ್ಲೇ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಒಬ್ಬ ತಾಯಿ ತನ್ನ ಫೋನಿನಲ್ಲಿ ಆ ಚಿತ್ರ ತೋರಿಸಿದಳು. "ನೋಡಣ್ಣ, ಲಂಗ ನನ್ ಮಗಳದ್ದೇ. ಕೂತಿರೋ ಜಾಗವೂ ಅವಳದ್ದೇ. ಮುಖ ಮಾತ್ರ ನನ್ ಮಗಳದ್ದಲ್ಲ."

ಆ ರಾತ್ರಿ ನನಗೆ ಅಜ್ಜಿಯ ಮಾತು ನೆನಪಾಯಿತು. ಈ ಯಪ್ಪ ಯಾರು?

ಆಗ ಕೂತು ಈ ಟೂಲ್ ಹೇಗೆ ಕೆಲಸ ಮಾಡುತ್ತದೆ ಅಂತ ಓದಿದೆ. ಮೊದಲೇ ಓದಬೇಕಿತ್ತು. ನನಗೆ ಅರ್ಥವಾದಷ್ಟನ್ನು ನಿಮಗೂ ಹೇಳುತ್ತೇನೆ.

ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಪರದೆಯ ತುಂಬಾ ಇರುವೆ ಓಡಾಡಿದ ಹಾಗೆ ಚುಕ್ಕಿ ಕಾಣುತ್ತಿತ್ತಲ್ಲ? ಚಿತ್ರ ಬರೆಯುವ ಎಐಗಳಲ್ಲಿ ಬಹಳಷ್ಟಕ್ಕೆ ಕಲಿಸುವುದು ಅದರಿಂದಲೇ. ಒಂದು ಒಳ್ಳೆಯ ಚಿತ್ರಕ್ಕೆ ಸ್ವಲ್ಪ ಸ್ವಲ್ಪವೇ ಅಂಥ ಚುಕ್ಕಿ ಬೆರೆಸುತ್ತಾ ಹೋಗಿ, ಕೊನೆಗೆ ಬರೀ ಚುಕ್ಕಿ ಉಳಿಯುವಂತೆ ಮಾಡುತ್ತಾರೆ. ಆ ಚುಕ್ಕಿಗಳನ್ನು ಕಳೆದು ಚಿತ್ರವನ್ನು ವಾಪಸು ತೆಗೆಯುವುದನ್ನು ಯಂತ್ರ ಕಲಿಯಬೇಕು. ಇದನ್ನು ಕೋಟಿಗಟ್ಟಲೆ ಚಿತ್ರಗಳ ಮೇಲೆ ಮಾಡಿಸುತ್ತಾರೆ. 2022ರಲ್ಲಿ ಹೊರಬಂದ ಲಯಾನ್-5ಬಿ ಎಂಬ ಒಂದೇ ಸಂಗ್ರಹದಲ್ಲಿ ಇಂಟರ್ನೆಟ್ಟಿನಿಂದ ಬಾಚಿದ ಸುಮಾರು 585 ಕೋಟಿ ಚಿತ್ರಗಳ ಕೊಂಡಿ ಮತ್ತು ಅವುಗಳ ಜೊತೆಗಿನ ವಿವರಣೆ ಇದ್ದವು. ಹೀಗೆ ಕಲಿತ ಯಂತ್ರಕ್ಕೆ ನಾವು "ಪೇಟ ಸುತ್ತಿದ ರೈತ" ಅಂದರೆ, ಅದು ಚುಕ್ಕಿಗಳಿಂದ ಶುರು ಮಾಡಿ, ತಾನು ನೋಡಿದ ಚಿತ್ರಗಳಲ್ಲಿ ಹೆಚ್ಚಾಗಿ ಏನು ಇತ್ತೋ ಆ ಕಡೆಗೆ ಚಿತ್ರವನ್ನು ಎಳೆಯುತ್ತದೆ.

ಅಂದರೆ ಅದು ಫೋಟೋದೊಳಗೆ ಅಡಗಿರುವ ಮುಖವನ್ನು ಹುಡುಕಿ ತೆಗೆಯುವುದಿಲ್ಲ. ತೊಗರಿಕಾಳಿನಷ್ಟು ಮುಖದಲ್ಲಿ ಇಲ್ಲದ ವಿವರ ಎಲ್ಲಿಂದ ಬರಬೇಕು? ಅದು ಊಹಿಸುತ್ತದೆ. ಕೆನ್ನೆ ಹೀಗಿರಬಹುದು, ಹಲ್ಲು ಹೀಗಿರಬಹುದು ಅಂತ ತುಂಬುತ್ತದೆ. ತುಂಬಿದ ಮೇಲೆ "ಇಷ್ಟು ನಿಮ್ಮದು, ಇಷ್ಟು ನನ್ನ ಊಹೆ" ಅಂತ ಗೆರೆ ಎಳೆದು ತೋರಿಸುವುದಿಲ್ಲ. ನಮ್ಮೂರಿನ ಅಡಿಕೆ ಎಲೆ ಹಾಕಿ ಕೆಂಪಾದ ಹಲ್ಲು, ಬಿಸಿಲಿಗೆ ಕರಗಿದ ಕೆನ್ನೆ, ಹೊಲದಲ್ಲಿ ಟವೆಲ್ಲನ್ನೇ ಸುತ್ತಿಕೊಂಡ ತಲೆ, ಇವು ಇಂಟರ್ನೆಟ್ಟಿನಲ್ಲಿ ಎಷ್ಟಿವೆ? ಕನ್ನಡದ ಬೋರ್ಡುಗಳೂ ಇಂಗ್ಲಿಷಿನ ಮುಂದೆ ಎಷ್ಟಿವೆ? ಯಂತ್ರ ಅಕ್ಷರವನ್ನು ಓದಿ ಬರೆದಿರಲಿಲ್ಲ. ಅಕ್ಷರದ ಹಾಗೆ ಕಾಣುವ ಗೆರೆ ಬಿಡಿಸಿತ್ತು, ಅಷ್ಟೇ. ಈಗ ಬರುತ್ತಿರುವ ಹೊಸ ಟೂಲ್‌ಗಳು ಕನ್ನಡವನ್ನು ಮೊದಲಿಗಿಂತ ಚೆನ್ನಾಗಿ ಬರೆಯುತ್ತವೆ. ಅಂದರೆ ನನ್ನನ್ನು ಹಿಡಿದುಕೊಟ್ಟ ಆ ಗುರುತೂ ಮುಂದೆ ಸಿಗಲಿಕ್ಕಿಲ್ಲ.

ಇನ್ನೊಂದು ವಿಷಯವೂ ಗೊತ್ತಾಯಿತು. ಇಂಥದ್ದು ನಮ್ಮಂಥ ಸಣ್ಣವರ ವಿಷಯದಲ್ಲಿ ಮಾತ್ರ ಆಗುವುದಲ್ಲ. 2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಂಗೀತಾ ಫೋಗಟ್ ಅವರನ್ನು ಪೊಲೀಸರು ವಾಹನದಲ್ಲಿ ಕರೆದೊಯ್ದರು. ಒಳಗೆ ತೆಗೆದ ಸೆಲ್ಫಿಯಲ್ಲಿ ಅವರ ಮುಖ ಗಂಭೀರವಾಗಿತ್ತು. ಯಾರೋ ಅದೇ ಫೋಟೋಗೆ ಆ್ಯಪ್‌ನಲ್ಲಿ ನಗು ಅಂಟಿಸಿ ಹರಿಬಿಟ್ಟರು. ಜಾಗ ಅದೇ, ಜನ ಅವರೇ, ಬಟ್ಟೆ ಅದೇ. ಬದಲಾಗಿದ್ದು ತುಟಿ ಮಾತ್ರ. ಆದರೆ ನೋಡಿದವರಿಗೆ "ಇವರದೆಲ್ಲ ನಾಟಕ" ಅನ್ನಿಸಲು ಅಷ್ಟೇ ಸಾಕಾಯಿತು. ಇಡೀ ಚಿತ್ರ ಹೊಸದಾಗಿ ಕಟ್ಟುವುದಕ್ಕಿಂತ ಹೀಗೆ ನಿಜದೊಳಗೆ ಒಂದು ಚೂರು ಸುಳ್ಳು ಬೆರೆಸುವುದೇ ಹೆಚ್ಚು ಅಪಾಯ. ಅವರು ಬೇಕೆಂದೇ ಮಾಡಿದರು, ನಾನು ತಿಳಿಯದೆ ಮಾಡಿದೆ. ಫಲ ಮಾತ್ರ ಒಂದೇ ಜಾತಿಯದ್ದು.

ಅಂಗನವಾಡಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಸರಿಮಾಡಿದ್ದು ನಾನಲ್ಲ, ಆ ತಾಯಂದಿರು. ನಾನು ಹೇಳಿಕೊಟ್ಟಿದ್ದು ಇಷ್ಟೇ: ಒಂದು ವಾರ ದಿನವೂ ಫೋಟೋ ತೆಗೆಯಿರಿ, ಏನೂ ತಿದ್ದಬೇಡಿ, ಅಳಿಸಬೇಡಿ. ಉದ್ಯೋಗ ಖಾತ್ರಿ ಕೆಲಸದ ಹತ್ತಿರ ಜಾಗ, ದಿನಾಂಕ, ಸಮಯ ಚಿತ್ರದ ಮೇಲೆಯೇ ಬರುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸುವುದನ್ನು ನೋಡಿದ್ದೆ, ಅದನ್ನೇ ಅವರ ಫೋನಿಗೂ ಹಾಕಿಕೊಟ್ಟೆ. ಸ್ಲೇಟಿನ ಮೇಲೆ ಬಳಪದಲ್ಲಿ ಅಂದಿನ ತಾರೀಖು ಬರೆದು ಸೋರುವ ಜಾಗದ ಕೆಳಗೆ ಇಟ್ಟು ತೆಗೆಯೋಣ ಅಂದವಳು, ನನ್ ಮಗಳ ಮುಖ ಅಲ್ಲ ಅಂದ ಆ ತಾಯಿಯೇ. ಮಕ್ಕಳ ಮುಖ ಬರದ ಹಾಗೆ ತೆಗೆದರು. ಹನ್ನೊಂದು ಫೋಟೋ. ಒಂದೂ ಚೆನ್ನಾಗಿರಲಿಲ್ಲ. ಒಂದರಲ್ಲಿ ಅರ್ಧ ಬೆರಳು ಅಡ್ಡ, ಒಂದು ಓರೆ, ಒಂದು ಕತ್ತಲು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಅರ್ಜಿಗೆ ಲಗತ್ತಿಸಿ, ಎಲ್ಲರೂ ಸಹಿ ಹಾಕಿ, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಂಡರು.

ಅದೇ ಅಧಿಕಾರಿ ಆ ಫೋಟೋಗಳನ್ನೂ ಹಿಗ್ಗಿಸಿ ನೋಡಿದರಂತೆ. ಕೆಲವು ವಾರಕ್ಕೆ ಇಂಜಿನಿಯರ್ ಬಂದರು. ಮಕ್ಕಳನ್ನು ಸಮುದಾಯ ಭವನಕ್ಕೆ ಕಳಿಸಿದರು. ಸಂಕ್ರಾಂತಿ ಕಳೆದ ಮೇಲೆ ತಾರಸಿ ಕೆಲಸ ಮುಗಿಯಿತು. ಜುಲೈನಲ್ಲಿ ನಾನು ಆ ಮಸುಕು ಫೋಟೋವನ್ನೇ ಕಳಿಸಿದ್ದರೆ ಇನ್ನೂ ಬೇಗ ಆಗುತ್ತಿತ್ತೋ ಏನೋ.

ಇಷ್ಟಾದ ಮೇಲೆ ನಾನು ಅಜ್ಜಿಯ ಹತ್ತಿರ ಹೋಗಿ ಕೂತೆ. ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ಕೇಳುತ್ತಿತ್ತು. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅಜ್ಜಿ, ತಾತ ಹೆಂಗಿದ್ರು ಹೇಳು."

"ಈಗ ಕೇಳ್ತೀಯಲ್ಲ" ಅಂದಳು. ಸಿಟ್ಟಿನಿಂದ ಅಲ್ಲ. ಆಮೇಲೆ ಹೇಳಿದಳು.

"ಕರ್ರಗಿದ್ದ. ಕೆನ್ನೆ ಒಳಕ್ಕೋಗಿತ್ತು. ನಗೋದು ಕಮ್ಮಿ, ನಕ್ಕರೆ ಹಲ್ಲೆಲ್ಲ ಕೆಂಪು. ಕಿವೀಲಿ ತೂತಿತ್ತು ಕಣ್ಲಾ ಮಗ, ಚಿನ್ನ ಇರ್ಲಿಲ್ಲ."

"ಯಾಕೆ, ಹಾಕ್ಕಂತಿರ್ಲಿಲ್ವಾ?"

"ಮದುವೆಯಾದಾಗ ಇತ್ತು. ನಿಮ್ಮಪ್ಪ ಹೊಟ್ಟೇಲಿದ್ದಾಗ ನನಗೆ ನೋವು ಬಂದು ಎರಡು ದಿನವಾದ್ರೂ ಹೆರಿಗೆ ಆಗ್ಲಿಲ್ಲ. ಮಳೆ ಇಲ್ಲದ ವರ್ಷ, ಮನೇಲಿ ರಾಗಿಯೂ ಇಲ್ಲ, ದುಡ್ಡೂ ಇಲ್ಲ. ಗಾಡಿ ಕಟ್ಟಿಸ್ಕಂಡು ಪೇಟೆ ಆಸ್ಪತ್ರೆಗೆ ಕರ್ಕಂಡೋದ. ಹೋಗೋ ದಾರೀಲೇ ಗಾಡಿ ನಿಲ್ಲಿಸಿ, ಕಿವೀದು ಬಿಚ್ಚಿ ಕೊಟ್ಟು ದುಡ್ಡು ಈಸ್ಕಂಡ. ಆಮೇಲೆ ಕಾಯಿ ಮಾರಿ ದುಡ್ಡು ಬಂದಾಗೆಲ್ಲ ನಾನು ಹೇಳ್ತಿದ್ದೆ, ಒಂಜೊತೆ ಮಾಡಿಸ್ಕೋ ಅಂತ. ಮಗ ಸಿಕ್ಕವ್ನೆ ಸುಮ್ನಿರು ಅನ್ನೋನು. ಸಾಯೋಗಂಟ ಖಾಲಿ ತೂತೇ."

ಅಪ್ಪ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ತಾತನ ಬರಿಗಿವಿ ಅವರಿಗೆ ಗೊತ್ತಿತ್ತು. ಅದು ಯಾಕೆ ಬರಿದಾಗಿತ್ತು ಅಂತ ಅವರಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅಜ್ಜಿ ತಾನಾಗಿ ಹೇಳಿರಲಿಲ್ಲ.

ನಾನು ಮೂಲ ಫೋಟೋ ತಂದು ಬೂದುಗಾಜಿನಲ್ಲಿ ನೋಡಿದೆ. ಕಿವಿಯ ಹಾಲೆಯಲ್ಲಿ ಒಂದು ಕಪ್ಪು ಚುಕ್ಕಿ. ಅದೇ ತೂತು. ಅಂಥ ಕಿವಿ, ಅಂಥ ವಯಸ್ಸು, ಅಂಥ ಪೇಟ ಇದ್ದವರ ಚಿತ್ರಗಳಲ್ಲಿ ಆ ಜಾಗದಲ್ಲಿ ಚಿನ್ನ ಇರುತ್ತದೆ. ಹಾಗಾಗಿ ಯಂತ್ರ ಅಲ್ಲಿ ಚಿನ್ನ ತುಂಬಿತು. ಯಂತ್ರಕ್ಕೆ ಅದು ತುಂಬಬೇಕಾದ ತೂತು. ನಮ್ಮ ಮನೆಗೆ ಅದು ಅಪ್ಪ ಬದುಕಿ ಹುಟ್ಟಿದ್ದರ ಗುರುತು.

ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಸ್ಟೂಲು ಹಾಕಿ ಆ ಪಟವನ್ನು ಕೆಳಗಿಳಿಸಿದ್ದರು.

ಗುಂಪು ಫೋಟೋ ತೆಗೆದುಕೊಂಡು ಪೇಟೆಯಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಒಬ್ಬ ಹಿರಿಯರ ಹತ್ತಿರ ಹೋದೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾರೆ. ನನ್ನ ಕಥೆ ಕೇಳಿ ಅವರು ನಕ್ಕರು. "ನಾವೇನು ಸತ್ಯಹರಿಶ್ಚಂದ್ರರಲ್ಲಪ್ಪ. ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ತಿದ್ದಿ ಮೊಡವೆ ತೆಗೀತಿದ್ವಿ, ಸುಕ್ಕು ತೆಗೀತಿದ್ವಿ. ಕಪ್ಪು ಬಿಳುಪಿಗೆ ಕುಂಚದಲ್ಲಿ ಬಣ್ಣ ಹಚ್ಚುತಿದ್ವಿ. ತೀರಿಕೊಂಡ ಮೇಲೆ ತೆಗೆದ ಫೋಟೋದಲ್ಲಿ ಮುಚ್ಚಿದ ಕಣ್ಣನ್ನ ಬರೆದು ತೆರೆಸ್ತಿದ್ವಿ. ಆದ್ರೆ ಮನೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ತಿದ್ವಿ. ಕಣ್ಣು ದೊಡ್ಡದಾ, ಸಣ್ಣದಾ? ಮೈಬಣ್ಣ ಎಂಥದ್ದು? ಅವರು ಹೂಂ ಅನ್ನೋವರೆಗೂ ಬಿಡ್ತಿರ್ಲಿಲ್ಲ. ನಿನ್ನ ಯಂತ್ರ ಯಾರನ್ನ ಕೇಳ್ತು?"

ಯಂತ್ರ ಕೇಳಲಿಲ್ಲ, ಸರಿ. ನಾನೂ ಕೇಳಿರಲಿಲ್ಲ.

ಅವರ ಮಗ ಫೋಟೋವನ್ನು ಒಳ್ಳೆಯ ಸ್ಕ್ಯಾನರ್‌ನಲ್ಲಿ ಇಟ್ಟು ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿಕೊಟ್ಟರು. ಫೋನಿನಲ್ಲಿ ಹಿಡಿದಿದ್ದಕ್ಕೂ ಇದಕ್ಕೂ ಅಜಗಜಾಂತರ. ಮನೆಗೆ ಬಂದು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಕೂತೆ. ಎಐಯನ್ನೇ ಬಳಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ತಿದ್ದಬೇಕಾದ ಜಾಗವನ್ನು ಮಾತ್ರ ಬೆರಳಿನಲ್ಲಿ ಗುರುತು ಮಾಡಿ, ಗೆದ್ದಲು ತಿಂದ ಮೂಲೆ, ಅಂಗಿಯ ಮೇಲಿನ ಮಡಿಕೆ ಗೆರೆ, ಹಿಂದಿನ ಚಪ್ಪರದ ಕಲೆ, ಇಷ್ಟನ್ನೇ ಸರಿಮಾಡಿಸಿದೆ. ಮುಖವನ್ನು ಮುಟ್ಟಲಿಲ್ಲ. ಬಣ್ಣ ತುಂಬಲಿಲ್ಲ. ಒಂದೊಂದು ಸಲವೂ ಮೂಲದ ಪಕ್ಕದಲ್ಲಿಟ್ಟು ಹೋಲಿಸಿದೆ. ಮುಖ ಮಸುಕಾಗಿಯೇ ಉಳಿಯಿತು. ಅಜ್ಜಿ ಮುಖದ ಹತ್ತಿರಕ್ಕೆ ಫೋನು ತಂದು ನೋಡಿ, "ಹೂಂ, ಇವ್ನೇ" ಅಂದಳು.

ಈಗಲೂ ಊರಿನವರಿಗೆ ಎಐ ಚಿತ್ರ ಮಾಡಿಕೊಡುತ್ತೇನೆ. ಬಿಟ್ಟಿಲ್ಲ. ಸ್ತ್ರೀಶಕ್ತಿ ಸಂಘದವರ ಚಟ್ನಿಪುಡಿ ಪೊಟ್ಟಣದ ಫೋಟೋ ಹಿಂದಿನ ಗೋಣಿಚೀಲ ತೆಗೆದು ಬಿಳಿ ಮಾಡಿಕೊಟ್ಟರೆ ಅವರಿಗೆ ಮಾರಲು ಅನುಕೂಲ. ಮಕ್ಕಳು ಹೇಳುವ ಕಥೆಗೆ ಆನೆ, ಮೊಲದ ಚಿತ್ರ ಬರೆಸಿದರೆ ಅವರಿಗೆ ಖುಷಿ. ಹಬ್ಬದ ಶುಭಾಶಯಕ್ಕೂ ಸರಿ. ಇವೆಲ್ಲ ಯಾರೂ ನಿಜ ಅಂತ ಸಾಕ್ಷಿಗೆ ಇಟ್ಟುಕೊಳ್ಳುವ ಚಿತ್ರಗಳಲ್ಲ. ಆದರೆ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ. ನಿಮಗೂ ಉಪಯೋಗಕ್ಕೆ ಬರಬಹುದು.

ಮೂಲ ಫೋಟೋವನ್ನು ಎಂದೂ ಅಳಿಸುವುದಿಲ್ಲ. ಫೋನು ತುಂಬಿದರೆ ಬೇರೆ ಏನನ್ನಾದರೂ ಅಳಿಸುತ್ತೇನೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದರೊಳಗಿನ ದಿನಾಂಕ, ಜಾಗದ ವಿವರ ಉಳಿಯುವುದಿಲ್ಲ. ಆದ್ದರಿಂದ ಮೂಲ ನಮ್ಮ ಹತ್ತಿರವೇ ಇರಬೇಕು.

ಸುದ್ದಿ, ಅರ್ಜಿ, ದೂರು, ಬೆಳೆ ನಷ್ಟ, ಜಮೀನಿನ ತಕರಾರು, ಇವುಗಳ ಫೋಟೋಗೆ ಎಐ ಮುಟ್ಟಿಸುವುದಿಲ್ಲ. ಮಸುಕಾಗಿದ್ದರೆ ಮಸುಕಾಗಿಯೇ ಇರಲಿ. ಮಸುಕು ಫೋಟೋ ಕಡಿಮೆ ಹೇಳುತ್ತದೆ, ಸುಳ್ಳು ಹೇಳುವುದಿಲ್ಲ.

ಎಐ ಚಿತ್ರ ಹಂಚುವಾಗ ಅದರ ಮೇಲೆಯೇ "ಎಐ ಚಿತ್ರ" ಎಂದು ಬರೆಯುತ್ತೇನೆ. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ಕೇಂದ್ರದ ಐಟಿ ನಿಯಮಗಳ ತಿದ್ದುಪಡಿಯೂ ಇಂಥ ಚಿತ್ರಗಳಿಗೆ ಗುರುತು ಇರಬೇಕು ಅನ್ನುತ್ತದೆ. ಗೂಗಲ್ ತನ್ನ ಟೂಲ್ ಮಾಡಿದ ಚಿತ್ರಗಳಲ್ಲಿ ಸಿಂಥ್‌ಐಡಿ ಎಂಬ, ಕಣ್ಣಿಗೆ ಕಾಣದ ಗುರುತನ್ನೂ ಸೇರಿಸುತ್ತದೆ. ಆದರೆ ಎಲ್ಲ ಟೂಲ್‌ಗಳಲ್ಲೂ ಅದೇ ಗುರುತು ಇರುವುದಿಲ್ಲ. ಗುರುತು ಇಲ್ಲ ಅಂದ ಮಾತ್ರಕ್ಕೆ ಚಿತ್ರ ನಿಜ ಅಂತಲ್ಲ.

ಬೇರೆಯವರ ಫೋಟೋವನ್ನು ಅವರನ್ನು ಕೇಳದೆ ಹಾಕುವುದಿಲ್ಲ. ಮಕ್ಕಳದ್ದು, ಹೆಣ್ಣುಮಕ್ಕಳದ್ದು ಅಂತೂ ಇಲ್ಲವೇ ಇಲ್ಲ. ನಮ್ಮ ಕೊಡಗಿನ ಹುಡುಗಿ, ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬರ ವಿಡಿಯೋಗೆ ಅಂಟಿಸಿ 2023ರ ನವೆಂಬರ್‌ನಲ್ಲಿ ಹರಿಬಿಟ್ಟಿದ್ದು ನಿಮಗೆ ನೆನಪಿರಬಹುದು. ಅದನ್ನು ಮಾಡಿದವನನ್ನು ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಹಿಡಿದರು. ಹೆಸರುವಾಸಿಯಾದವರಿಗೇ ಹೀಗಾದರೆ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮ ತಂಗಿಯರ ಗತಿ ಏನು? ಯಾರಿಗಾದರೂ ಹೀಗಾದರೆ ಮನೆಯೊಳಗೆ ಮುಚ್ಚಿಡಬೇಡಿ, ಹುಡುಗಿಯನ್ನು ಬೈಯಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ಫೋನ್ ಮಾಡಿ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲೂ ದೂರು ಕೊಡಬಹುದು.

ಬಂದ ಚಿತ್ರ ನಿಜವೋ ಸುಳ್ಳೋ ಅಂತ ಅನುಮಾನ ಬಂದರೆ ಬೆರಳು, ಕಿವಿ, ಬಳೆ, ಹಿಂದಿನ ಬೋರ್ಡಿನ ಅಕ್ಷರ ಹಿಗ್ಗಿಸಿ ನೋಡಿ. ಅದಕ್ಕಿಂತ ಮುಖ್ಯವಾಗಿ ಮೂರು ಪ್ರಶ್ನೆ ಕೇಳಿ: ಯಾರು ತೆಗೆದರು, ಯಾವಾಗ ತೆಗೆದರು, ಎಲ್ಲಿ ತೆಗೆದರು? ಉತ್ತರ ಹೇಳುವ ಮನುಷ್ಯ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.

ಕೊನೆಯದು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಫೋಟೋ ಇರುತ್ತದೆ. ಎಐಗೆ ಹಾಕುವ ಮೊದಲು, ಅದರಲ್ಲಿರುವವರನ್ನು ಕಣ್ಣಾರೆ ಕಂಡವರು ಯಾರಾದರೂ ಮನೆಯಲ್ಲಿ ಉಳಿದಿದ್ದಾರಾ ನೋಡಿ. ಇದ್ದರೆ ಪಕ್ಕದಲ್ಲಿ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟೂಲ್ ನಾಳೆಯೂ ಇರುತ್ತದೆ. ಅವರು ಎಷ್ಟು ದಿನ ಇರುತ್ತಾರೋ.

ನಮ್ಮ ನಡುಮನೆಯ ಗೋಡೆಯ ಮೇಲೆ ಈಗ ಚಿಕ್ಕದೊಂದು ಕಪ್ಪು ಬಿಳುಪಿನ ಪಟ ಇದೆ. ಬಂದವರು ಅದನ್ನು ನೋಡಿ ಏನೂ ಅನ್ನುವುದಿಲ್ಲ, ಮುಖ ಅಷ್ಟು ಮಸುಕು. ಯಾರಾದರೂ ಹತ್ತಿರ ಹೋಗಿ ಇದ್ಯಾರು ಅಂತ ಕೇಳಿದರೆ ಅಪ್ಪನೇ ಎದ್ದು ಬಂದು ಕಿವಿಯ ಕಪ್ಪು ಚುಕ್ಕಿ ತೋರಿಸಿ ಗಾಡಿಯ ಕಥೆ ಹೇಳುತ್ತಾರೆ.

ರೇಷ್ಮೆ ಶಲ್ಯದ ಪಟವನ್ನು ಎಸೆಯಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬೀರುವಿನೊಳಗೆ ಇಟ್ಟಿದ್ದಾರೆ. ಅದರ ಹಿಂದೆ ನಾನು ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದೇನೆ: "ಇದು ಎಐ ಚಿತ್ರ. ಶಲ್ಯ ಅಪ್ಪನ ಆಸೆ. ತಾತ ಹೀಗಿರಲಿಲ್ಲ."